ಹೆಪ್ಪುಗಟ್ಟದ ಹಾಲಿನ ಬಗ್ಗೆ ರಾಜ್ಯದ ಪಶುಸಂಗೋಪನೆ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಕಳೆದ ಶ್ರಾವಣದಲ್ಲಿ ನಮ್ಮ ಹಸುವಿಗೆ ಕೆಚ್ಚಲು ಬಾವು ಬಂದು, ಮೂರು ದಿನ ಆಂಟಿಬಯೋಟಿಕ್ ಚುಚ್ಚುಮದ್ದು ಕೊಡಿಸಬೇಕಾಯಿತು. ನಾಲ್ಕನೆಯ ದಿನ ನನ್ನ ತಾಯಿ ಆ ಹಾಲನ್ನು ಕಾಯಿಸಿ ಹೆಪ್ಪು ಹಾಕಿದರು. ಬೆಳಗಾದರೂ ಅದು ಮೊಸರಾಗಲಿಲ್ಲ. ಹೆಪ್ಪಿನ ಬ್ಯಾಕ್ಟೀರಿಯಾಗಳನ್ನೇ ಬೆಳೆಯಗೊಡದಷ್ಟು ಔಷಧ, ಕುದಿಸಿದ ಮೇಲೂ ಆ ಹಾಲಿನಲ್ಲಿ ಉಳಿದಿತ್ತು.

ಚಿಕಿತ್ಸೆಯ ಬಳಿಕ ಎಷ್ಟು ದಿನ ಹಾಲು ಮಾರಬಾರದು ಎಂಬುದನ್ನು ಔಷಧದ ಲೇಬಲ್ ಮೇಲೆ ಮುದ್ರಿಸಬೇಕೆಂದು 2012ರಲ್ಲೇ ನಿಯಮವಾಗಿದೆ. ಅಂಥ ಅವಧಿ ನಿಗದಿಯಾಗಿರದಿದ್ದರೆ ಹಾಲು, ಮೊಟ್ಟೆಗಳಿಗೆ ಕನಿಷ್ಠ 7 ದಿನ, ಕೋಳಿ ಮತ್ತು ದನದ ಮಾಂಸಕ್ಕೆ 28 ದಿನ ಎಂದು ಅದೇ ನಿಯಮ ಹೇಳುತ್ತದೆ. ನಾವು ಏಳು ದಿನ ಡೈರಿಗೆ ಹಾಲು ಹಾಕಲಿಲ್ಲ. ದಿನಕ್ಕೆ ಹತ್ತು ಲೀಟರಿನಂತೆ ಎಪ್ಪತ್ತು ಲೀಟರ್ ಹಾಲಿನ ಬೆಲೆ ಹೋಯಿತು, ಅದರ ಜೊತೆಗೆ ಸರ್ಕಾರದ ಪ್ರೋತ್ಸಾಹಧನವೂ ಹೋಯಿತು. ಇನ್ನೊಂದು ಹಸು ಕರೆಯುತ್ತಿದ್ದುದರಿಂದ ನಮ್ಮ ಮನೆ ನಡೆಯಿತು. ಒಂದೇ ಹಸುವಿನ ಹಾಲಿನ ಬಟವಾಡೆಯಲ್ಲಿ ಸಾಲದ ಕಂತು ಕಟ್ಟಬೇಕಾದ ಹೆಂಗಸು ಏನು ಮಾಡಬೇಕು? ಆಕೆ ಹಾಲು ಹಾಕುತ್ತಾಳೆ, ಅದು ಇಡೀ ಊರಿನ ಹಾಲಿನೊಂದಿಗೆ ಒಂದೇ ಕ್ಯಾನಿನಲ್ಲಿ ಬೆರೆಯುತ್ತದೆ. ಆಕೆಯನ್ನು ನಾನು ದೂರಲಾರೆ.

ಹಾಲಿನಲ್ಲಿ ಉಳಿಯುವ ಔಷಧ ಸಮಸ್ಯೆಯ ಒಂದು ಮುಖ ಮಾತ್ರ. ಔಷಧದ ಹೊಡೆತ ತಿಂದೂ ಬದುಕಿ ಉಳಿದ ಬ್ಯಾಕ್ಟೀರಿಯಾಗಳು ಹಸುವಿನ ಹೊಟ್ಟೆಯಿಂದ ತಿಪ್ಪೆಗೆ, ತಿಪ್ಪೆಯಿಂದ ಹೊಲಕ್ಕೆ ಮತ್ತು ನೀರಿಗೆ ಸೇರುತ್ತವೆ; ಮಾರಲಾಗದ ಹಾಲನ್ನು ಕರುವಿಗೆ ಕುಡಿಸಿದರೆ ಅದರ ಕರುಳಿನಲ್ಲೂ ಅಂಥವೇ ಬೆಳೆಯುತ್ತವೆ. ಔಷಧಕ್ಕೆ ಬಗ್ಗದ ಗುಣವನ್ನು ಅವು ಬೇರೆ ಜಾತಿಯ ಬ್ಯಾಕ್ಟೀರಿಯಾಗಳಿಗೂ ದಾಟಿಸಬಲ್ಲವು. 2015ರಲ್ಲಿ ಚೀನಾದ ಹಂದಿಗಳಲ್ಲಿ, ಮಾಂಸದಲ್ಲಿ ಮತ್ತು ರೋಗಿಗಳಲ್ಲಿ ಎಂಸಿಆರ್-1 ಎಂಬ ಜೀನ್ ಪತ್ತೆಯಾದಾಗ ವೈದ್ಯಲೋಕ ಬೆಚ್ಚಿದ್ದು ಇದಕ್ಕಾಗಿಯೇ. ಬೇರೆಲ್ಲ ಔಷಧಗಳು ಸೋತಾಗ ತೀವ್ರ ನಿಗಾ ಘಟಕದಲ್ಲಿ ಕೊನೆಯದಾಗಿ ಬಳಸುವ ಕೊಲಿಸ್ಟಿನ್ ಅನ್ನೇ ಆ ಜೀನ್ ನಿಷ್ಪ್ರಯೋಜಕಗೊಳಿಸುತ್ತದೆ. ಅದೇ ಕೊಲಿಸ್ಟಿನ್ ನಮ್ಮಲ್ಲಿ ಕೋಳಿಗಳು ಬೇಗ ತೂಕ ಬರಲೆಂದು ಮೇವಿನಲ್ಲಿ ಬೆರೆಯುತ್ತಿತ್ತು. 2019ರ ಜುಲೈನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಅದನ್ನು ನಿಷೇಧಿಸಿದ್ದು ಸರಿಯಾದ ಹೆಜ್ಜೆ. ಆದರೆ ಬೆಳವಣಿಗೆಗಾಗಿ ಮೇವಿಗೆ ಆಂಟಿಬಯೋಟಿಕ್ ಬೆರೆಸುವ ಪದ್ಧತಿಯನ್ನೇ ಯುರೋಪಿಯನ್ ಒಕ್ಕೂಟ 2006ರ ಜನವರಿ 1ರಿಂದ ಪೂರ್ತಿಯಾಗಿ ನಿಲ್ಲಿಸಿತು. ನಮ್ಮ ರಾಜ್ಯದಲ್ಲಿ ಮಾರಾಟವಾಗುವ ಕೋಳಿ ಮೇವಿನ ಮಾದರಿಗಳನ್ನು ನಿಯಮಿತವಾಗಿ ಪರೀಕ್ಷಿಸಿ, ಫಲಿತಾಂಶವನ್ನು ಬಹಿರಂಗಪಡಿಸುವಂತೆ ತಾವು ಆದೇಶಿಸಬೇಕು.

ಆದರೂ ನನ್ನ ಮುಖ್ಯ ಕೋರಿಕೆ ಹಾಲಿಗೆ ಸಂಬಂಧಿಸಿದ್ದು. ಪಶುವೈದ್ಯರ ಚೀಟಿಯ ಆಧಾರದ ಮೇಲೆ ಹಾಲು ತಡೆಹಿಡಿದ ರೈತರಿಗೆ ಆ ದಿನಗಳ ಹಾಲಿನ ಬೆಲೆಯ ಒಂದು ಭಾಗವನ್ನು ಸಂಘದ ಮೂಲಕವೇ ಕೊಡುವ ವ್ಯವಸ್ಥೆ ಮಾಡಿ. ಪ್ರೋತ್ಸಾಹಧನವನ್ನು ರೈತರ ಖಾತೆಗೆ ಹಾಕುವ ದಾರಿ ಈಗಾಗಲೇ ಇರುವುದರಿಂದ ಇದಕ್ಕೆ ಹೊಸ ಇಲಾಖೆಯೇನೂ ಬೇಕಿಲ್ಲ. ಪರಿಹಾರವಿಲ್ಲದೆ ಬರಿಯ ತಪಾಸಣೆ, ದಂಡ ತಂದರೆ ರೈತ ಚಿಕಿತ್ಸೆಯನ್ನೇ ಮುಚ್ಚಿಡುತ್ತಾನೆ. ಚೀಟಿಯಿಲ್ಲದೆ ಅಂಗಡಿಯಿಂದ ಔಷಧ ತಂದು ಅರ್ಧ ಡೋಸ್ ಹಾಕುತ್ತಾನೆ. ಔಷಧಕ್ಕೆ ಬಗ್ಗದ ರೋಗಾಣುಗಳು ಬೆಳೆಯಲು ಅದಕ್ಕಿಂತ ಒಳ್ಳೆಯ ಅವಕಾಶ ಇನ್ನೊಂದಿಲ್ಲ.

ಯಾವ ಬ್ಯಾಕ್ಟೀರಿಯಾ, ಯಾವ ಔಷಧ ಎಂದು ಹಾಲನ್ನು ಪರೀಕ್ಷಿಸಿ ತಿಳಿಯುವ ಸೌಲಭ್ಯ ನಮಗೆ ಹತ್ತಿರದಲ್ಲೆಲ್ಲೂ ಇಲ್ಲ. ವೈದ್ಯರು ಅಂದಾಜಿನ ಮೇಲೆ ಔಷಧ ಬರೆಯುತ್ತಾರೆ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ನೆರವಿನಿಂದ ಪ್ರತಿ ಜಿಲ್ಲೆಯಲ್ಲೂ ಈ ಪರೀಕ್ಷೆ ಸಿಗುವಂತಾಗಬೇಕು. ಕೆಚ್ಚಲು ಬಾವಿನ ಆರಂಭದಲ್ಲೇ ಲೋಳೆಸರ, ಅರಿಶಿನ, ಸುಣ್ಣ ಅರೆದು ಹಚ್ಚುವ ಮದ್ದನ್ನು ರಾಷ್ಟ್ರೀಯ ಹೈನುಗಾರಿಕೆ ಅಭಿವೃದ್ಧಿ ಮಂಡಳಿಯೇ ಪ್ರಚಾರ ಮಾಡುತ್ತಿದೆ. ಅದನ್ನು ನಮ್ಮ ಸಂಘಗಳ ಕಾರ್ಯದರ್ಶಿಗಳಿಗೂ ಹೈನುಗಾರ ಮಹಿಳೆಯರಿಗೂ ಕಲಿಸಿದರೆ ಎಷ್ಟೋ ಹಸುಗಳಿಗೆ ಚುಚ್ಚುಮದ್ದೇ ಬೇಕಾಗದಿರಬಹುದು.

ಮುಂದಿನ ಬಜೆಟ್ ಸಿದ್ಧವಾಗುವ ಮೊದಲು ಈ ಪರಿಹಾರದ ಪ್ರಸ್ತಾವವನ್ನು ಹಾಲು ಒಕ್ಕೂಟಗಳ ಮುಂದಿಟ್ಟು, ಒಂದು ತಾಲ್ಲೂಕಿನಲ್ಲಾದರೂ ಪ್ರಾಯೋಗಿಕವಾಗಿ ಆರಂಭಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮಂಡ್ಯ ಜಿಲ್ಲೆಯ ಒಬ್ಬ ಹಾಲು ಉತ್ಪಾದಕ