ಟ್ರ್ಯಾಕ್ಟರ್ ಹತ್ತಿದ ಕೆಡೆಟ್

ಮಾನ್ಯರೇ,

ಮಿಲಿಟರಿ ಕಾಲೇಜುಗಳಲ್ಲಿ ನಾಯಕತ್ವ ಮತ್ತು ನೀತಿ ಕಲಿಸಲು ಇನ್ನೂ ಜಾಸ್ತಿ ಕ್ಲಾಸು ಬೇಕು ಅಂತ ಓದುಗರೊಬ್ಬರು ಬರೆದಿದ್ದರು. ಬೇಡ ಅನ್ನಲ್ಲ. ಆದರೆ ನಮ್ಮ ಮನೆಯಲ್ಲಿ ನಡೆದದ್ದೊಂದು ಹೇಳುತ್ತೇನೆ, ಕೇಳಿ.

ನನ್ನ ತಂಗಿಯ ಮಗ ಕೆಡೆಟ್, ಅಂದರೆ ಸೇನೆಯ ಅಧಿಕಾರಿಯಾಗಲು ತರಬೇತಿ ಪಡೆಯುತ್ತಿರುವವನು. ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ರಜೆಯಲ್ಲಿ ಬಂದಿದ್ದ. ಮಾರನೇ ದಿನ ಎಲ್ಲರೂ ಕಡುಂಬುಟ್ಟು, ಪಂದಿಕರಿ ಮುಂದೆ ಕೂತಿದ್ದಾಗ ಮೆಲ್ಲಗೆ ಬಾಯಿಬಿಟ್ಟ. ರಾತ್ರಿ ಮ್ಯಾಪ್ ಮಾರ್ಚ್‌ನಲ್ಲಿ, ಅಂದರೆ ನಕ್ಷೆ ನೋಡಿ ದಾರಿ ಹುಡುಕುತ್ತಾ ನಡೆಯುವ ಪರೀಕ್ಷೆಯಲ್ಲಿ, ಅವನ ರೂಮಿನ ಗೆಳೆಯ ಕಬ್ಬಿನ ಟ್ರ್ಯಾಕ್ಟರ್ ಹತ್ತಿ ನಾಲ್ಕು ಕಿಲೋಮೀಟರ್ ದಾಟಿ, ಎಲ್ಲರಿಗಿಂತ ಮೊದಲು ಬಂದು ಶಹಬ್ಬಾಸ್ ಅನ್ನಿಸಿಕೊಂಡಿದ್ದಾನೆ. ಇವನು ನೋಡಿದ್ದಾನೆ. ಎರಡು ರಾತ್ರಿ ನಿದ್ದೆ ಇಲ್ಲ. ಕೊನೆಗೆ ಆ ಗೆಳೆಯನಿಗೆ, ನಾಳೆ ಬೆಳಗ್ಗೆ ಫಾಲ್‌ಇನ್‌ಗೆ (ಸಾಲಾಗಿ ನಿಲ್ಲುವ ಹಾಜರಿಗೆ) ಮೊದಲು ನೀನೇ ಹೋಗಿ ಹೇಳು, ಇಲ್ಲದಿದ್ದರೆ ನಾನು ಹೇಳಬೇಕಾಗುತ್ತದೆ ಅಂದನಂತೆ. ಆ ಹುಡುಗ ಹೋಗಿ ಹೇಳಿದ. ರೆಲಿಗೇಟ್ ಆದ, ಅಂದರೆ ಒಂದು ಟರ್ಮ್ ಹಿಂದೆ ಬಿದ್ದ.

ಭಾವ ಕೈಯಲ್ಲಿದ್ದ ತುತ್ತು ಕೆಳಗಿಟ್ಟು ಅಂದರು, "ಜೊತೆಗೆ ಉಂಡವನ ಕಾಲೆಳೆದೆಯಲ್ಲೋ?" ದೊಡ್ಡವರೆಲ್ಲ ತಲೆಯಾಡಿಸಿದರು. ಹುಡುಗ ನನ್ನ ಕಡೆ ನೋಡಿ, "ಮಾವ, ನೀವೇ ಹೇಳಿ" ಅಂದ.

ನಾನು 22 ವರ್ಷ ಸೇನೆಯಲ್ಲಿದ್ದು ಹವಾಲ್ದಾರನಾಗಿ ಬಂದವನು. ನೀತಿಯ ಪಾಠ ನನಗೆ ಯಾರೂ ಮಾಡಲಿಲ್ಲ. ಆದರೆ ಮಾರ್ಚ್ ಮುಗಿದ ಮೇಲೆ ತನ್ನ ಬೂಟು ಬಿಚ್ಚುವ ಮೊದಲು ಟಾರ್ಚ್ ಹಿಡಿದು ನಮ್ಮೆಲ್ಲರ ಪಾದದ ಬೊಬ್ಬೆ ನೋಡುತ್ತಿದ್ದ ಲೆಫ್ಟಿನೆಂಟ್ ಒಬ್ಬರಿದ್ದರು. ನಾವು ಊಟದ ಸಾಲಿನಲ್ಲಿ ನಿಂತಿದ್ದಾಗ ತನ್ನ ತಟ್ಟೆ ಟೆಂಟಿಗೇ ತರಿಸಿಕೊಳ್ಳುತ್ತಿದ್ದ ಇನ್ನೊಬ್ಬರೂ ಇದ್ದರು. ಕಷ್ಟ ಬಂದಾಗ ಯಾರ ಹಿಂದೆ ಹೋಗುತ್ತಿದ್ದೆವು ಅಂತ ಬಿಡಿಸಿ ಹೇಳಬೇಕಾ? ಡೆಹ್ರಾಡೂನಿನ ಇಂಡಿಯನ್ ಮಿಲಿಟರಿ ಅಕಾಡೆಮಿ 1932ರಲ್ಲಿ ಶುರುವಾದಾಗ ಆಗಿನ ಸೇನಾ ಮುಖ್ಯಸ್ಥ ಚೆಟ್ವುಡ್ ಹೇಳಿದ್ದೂ ಇಷ್ಟೇ: ಮೊದಲು ದೇಶ, ಆಮೇಲೆ ನಿನ್ನ ಕೈಕೆಳಗಿನವರು, ಕೊನೆಗೆ ನೀನು. ಬಾಯಿಪಾಠ ಎಲ್ಲರಿಗೂ ಬರುತ್ತದೆ.

ಸುಳ್ಳು ಹೇಳಬೇಡ, ಮೋಸ ಮಾಡಬೇಡ, ಕದಿಯಬೇಡ ಅನ್ನುವುದನ್ನು ಅವ್ವನೂ ಕಲಿಸುತ್ತಾಳೆ. ಕಷ್ಟ ಇರುವುದು ಗೆಳೆಯ ಮೋಸ ಮಾಡಿದ್ದು ಗೊತ್ತಾದಾಗ. ಅಮೆರಿಕದ ವೆಸ್ಟ್ ಪಾಯಿಂಟ್ ಮಿಲಿಟರಿ ಅಕಾಡೆಮಿಯಲ್ಲಿ 1951ರಲ್ಲಿ ಪರೀಕ್ಷೆಯ ಮೋಸಕ್ಕೆ ಸುಮಾರು 90 ಕೆಡೆಟ್‌ಗಳು ಹೊರಗೆ ಹೋದರು. ಫುಟ್‌ಬಾಲ್ ತಂಡದವರೇ ಎಷ್ಟೋ ಮಂದಿ, ಕೋಚ್ ಮಗನೂ ಅದರಲ್ಲಿದ್ದ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದವರೂ ಮನೆಗೆ ಹೋದರು. ನಮ್ಮ ಕಾಲೇಜುಗಳಲ್ಲಿ ಪಾಠ ಮಾಡುವುದಾದರೆ ಇಂಥದ್ದನ್ನು ಮುಂದಿಟ್ಟು ಹುಡುಗರ ಕೈಲೇ ವಾದ ಮಾಡಿಸಲಿ. ಈಗ ಹುಡುಗಿಯರೂ ಎನ್‌ಡಿಎ (ನ್ಯಾಷನಲ್ ಡಿಫೆನ್ಸ್ ಅಕಾಡೆಮಿ) ಸೇರುತ್ತಿದ್ದಾರೆ, ಅವರೂ ಮಾತಾಡಲಿ. ಸ್ಲೈಡ್ ತೋರಿಸುತ್ತಾ ಕೂತರೆ, ಬೆಳಗ್ಗೆ ಐದಕ್ಕೆ ಎದ್ದ ಮಕ್ಕಳು ಮಧ್ಯಾಹ್ನ ತೂಕಡಿಸದೆ ಇನ್ನೇನು ಮಾಡುತ್ತಾರೆ?

ಇನ್ನು ನಾವು ಕೊಡಗಿನವರು. ಜನವರಿ 15ರ ಸೇನಾ ದಿನಕ್ಕೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರಿಗೆ ಹಾರ ಹಾಕುತ್ತೇವೆ, ಮಡಿಕೇರಿಯ ಸನ್ನಿ ಸೈಡ್ ಮನೆಯಲ್ಲಿ ಜನರಲ್ ತಿಮ್ಮಯ್ಯನವರ ಮ್ಯೂಸಿಯಂ ನೋಡಿ ಫೋಟೋ ತೆಗೆಸಿಕೊಳ್ಳುತ್ತೇವೆ. 1965ರ ಯುದ್ಧದಲ್ಲಿ ಕಾರ್ಯಪ್ಪನವರ ಮಗ ಪಾಕಿಸ್ತಾನದಲ್ಲಿ ಸೆರೆಯಾದಾಗ, ಸೆರೆಸಿಕ್ಕವರೆಲ್ಲ ನನ್ನ ಮಕ್ಕಳೇ, ಇವನೊಬ್ಬನಿಗೆ ವಿಶೇಷವಾಗಿ ಏನೂ ಬೇಡ ಅಂದರು ಅನ್ನುವ ಕಥೆಯನ್ನು ಭಾವ ಎಷ್ಟು ಸಲ ಎದೆಯುಬ್ಬಿಸಿ ಹೇಳಿಲ್ಲ! ಅದೇ ಭಾವ ಅವತ್ತು ಸ್ವಂತ ಮಗನನ್ನು ಹಾಗೆ ಕೇಳಿದರು. ನಾನೂ ಅವತ್ತು ಸರಿಯಾಗಿ ಬಾಯಿಬಿಡಲಿಲ್ಲ, ಅದಕ್ಕೇ ಈ ಪತ್ರ ಅಂತ ಬೇಕಾದರೆ ತಿಳಿದುಕೊಳ್ಳಿ.

ರೆಲಿಗೇಟ್ ಆದ ಆ ಹುಡುಗನೂ ಇವನೂ ಈಗಲೂ ಗೆಳೆಯರೇ. ಜೂನ್ ರಜೆಗೆ ಮಳೆ ನೋಡಲು ನಮ್ಮಲ್ಲಿಗೆ ಬರುತ್ತಾನಂತೆ. ಬಸ್‌ಸ್ಟ್ಯಾಂಡಿನಿಂದ ಕರೆತರಲು ಭಾವನನ್ನೇ ಕಳಿಸಬೇಕು ಅಂದುಕೊಂಡಿದ್ದೇನೆ.

ನಿವೃತ್ತ ಹವಾಲ್ದಾರ,
ವಿರಾಜಪೇಟೆ