ಚಮಚ ಬೇಕಾಯಿತು, ಮಾತು ಬೇಡವಾಯಿತು

ಪ್ರೀತಿಯ ಮಗಳೇ,

ಲಂಡನ್ನಿನ ಗ್ರೀನಿಚ್‌ ವಸ್ತುಸಂಗ್ರಹಾಲಯದಲ್ಲಿ ಫ್ರಾಂಕ್ಲಿನ್ ತಂಡದ ಸಾಮಾನು ನೋಡಿ ಬಂದು, ‘ಸಾಯುವ ಹೊತ್ತಿನಲ್ಲಿ ಬೆಳ್ಳಿ ಚಮಚ ಏಕೆ ಬೇಕಿತ್ತು ಅಪ್ಪ?’ ಎಂದು ಕೇಳಿದ್ದೀಯ. ನಗು ಬಂತು, ಆದರೆ ಪ್ರಶ್ನೆ ತಲೆಯಲ್ಲೇ ಉಳಿಯಿತು.

ಆರ್ಕ್ಟಿಕ್ ಮೂಲಕ ಏಷ್ಯಾಕ್ಕೆ ದಾರಿ ಹುಡುಕಲು ಬ್ರಿಟಿಷ್ ನೌಕಾಧಿಕಾರಿ ಜಾನ್ ಫ್ರಾಂಕ್ಲಿನ್ನನ ನಾಯಕತ್ವದಲ್ಲಿ 1845ರಲ್ಲಿ ಹೊರಟ ಎರೆಬಸ್, ಟೆರರ್ ಹಡಗುಗಳ 129 ಜನರಲ್ಲಿ ಒಬ್ಬನೂ ಮರಳಲಿಲ್ಲ. 1848ರ ಏಪ್ರಿಲ್‌ನಲ್ಲಿ, ಮಂಜುಗಡ್ಡೆಯಲ್ಲಿ ಸಿಕ್ಕಿಬಿದ್ದ ಹಡಗುಗಳನ್ನು ಬಿಟ್ಟು 105 ಮಂದಿ ದಡಕ್ಕೆ ಇಳಿದರು. 1859ರಲ್ಲಿ, ಅವರನ್ನು ಹುಡುಕಿ ಹೊರಟ ಮೆಕ್ಲಿಂಟಾಕ್ ಎಂಬ ನೌಕಾಧಿಕಾರಿಯ ತಂಡಕ್ಕೆ ಉತ್ತರ ಕೆನಡಾದ ಕಿಂಗ್ ವಿಲಿಯಂ ದ್ವೀಪದಲ್ಲಿ ಜಾರುಬಂಡಿಯ ಮೇಲಿದ್ದ ದೋಣಿಯೊಂದು ಸಿಕ್ಕಿತು. ಒಳಗೆ ಎರಡು ಅಸ್ಥಿಪಂಜರ. ಜೊತೆಗೆ ಚಪ್ಪಲಿ, ರೇಷ್ಮೆ ಕರವಸ್ತ್ರ, ಸೋಪು, ಹಲ್ಲುಜ್ಜುವ ಬ್ರಷ್, ಬಾಚಣಿಗೆ, ಪುಸ್ತಕ, 26 ಬೆಳ್ಳಿ ಚಮಚ ಮತ್ತು ಫೋರ್ಕ್. ಚಹಾ, ಚಾಕೊಲೇಟ್ ಇದ್ದವು. ಬಿಸ್ಕತ್ತು, ಮಾಂಸ ಇರಲಿಲ್ಲ. ಎಲ್ಲ ವ್ಯರ್ಥ ಹೊರೆ ಎಂಬುದು ಮೆಕ್ಲಿಂಟಾಕ್‌ನ ತೀರ್ಪು.

ನಾನು ಅಷ್ಟು ಬೇಗ ತೀರ್ಪು ಕೊಡಲಾರೆ. ಹಲ್ಲುಜ್ಜಿ ತಲೆ ಬಾಚುವವನು ನಾಳೆ ನಾಲ್ಕು ಜನರ ಎದುರು ನಿಲ್ಲುವ ಆಸೆ ಬಿಟ್ಟಿರುವುದಿಲ್ಲ. ಅದೇ ದ್ವೀಪದ ಇನ್ನೊಂದೆಡೆ ಒಂಟಿ ಶವದ ಬಳಿ ಕೊಂಬಿನ ಬಾಚಣಿಗೆ ಸಿಕ್ಕಾಗ ಅದರಲ್ಲಿ ನಸುಗಂದು ಕೂದಲಿನ ಎಳೆಗಳು ಇನ್ನೂ ಇದ್ದವು. ಬಟ್ಟೆ ಉಜ್ಜುವ ಬ್ರಷ್ಷೂ ಇತ್ತು. ಆ ಚಳಿಯಲ್ಲಿ ಕೋಟಿನ ಧೂಳು ಕೊಡವಲು! ನಿನ್ನ ಅಜ್ಜನೂ ಇದ್ದಿದ್ದರೆ ಅದನ್ನೇ ಒಯ್ಯುತ್ತಿದ್ದರು.

ಚಮಚಗಳ ವಿಷಯ ಬೇರೆ. ಅವುಗಳ ಹಿಡಿಯ ಮೇಲೆ ಅಧಿಕಾರಿಗಳ ಮನೆತನದ ಲಾಂಛನವಿದೆ. ಕೆಲವದರಲ್ಲಿ ಸಾಮಾನ್ಯ ನಾವಿಕರು ಗೀಚಿಕೊಂಡ ತಮ್ಮ ಹೆಸರಿನ ಅಕ್ಷರಗಳೂ ಇವೆ. ಹಡಗಿನಲ್ಲಿ ಸಾಹೇಬರ ಮೇಜಿಗೆ ಮಾತ್ರ ಮೀಸಲಾಗಿದ್ದ ಬೆಳ್ಳಿ ಕೊನೆಗೆ ಕೆಳಗಿನವರ ಕೈಗೂ ಬಂದಿತ್ತು ಎಂದಾಯಿತು. ಕೊಟ್ಟರೋ, ಹಂಚಿಕೊಂಡರೋ, ಸತ್ತವರದನ್ನು ಎತ್ತಿಕೊಂಡರೋ, ಚಮಚ ಹೇಳುವುದಿಲ್ಲ.

ಹೇಳುವವರು ಇದ್ದರು. ದೋಣಿ ಸಿಗುವ ಐದು ವರ್ಷ ಮೊದಲೇ, 1854ರಲ್ಲಿ, ಜಾನ್ ರೇ ಎಂಬ ಸ್ಕಾಟ್ಲೆಂಡಿನ ವೈದ್ಯ, ಆರ್ಕ್ಟಿಕ್‌ನ ಮೂಲನಿವಾಸಿಗಳಾದ ಇನ್ಯೂಯಿಟ್ ಜನರಿಂದ ಇಂಥ ಬೆಳ್ಳಿ ಚಮಚಗಳನ್ನೂ ಫ್ರಾಂಕ್ಲಿನ್ನನ ಪದಕವನ್ನೂ ಕೊಂಡು ತಂದ. ಅವರು ಹೇಳಿದ ಸುದ್ದಿಯನ್ನೂ ತಂದ: ಬಿಳಿಯರು ಹಸಿವಿನಿಂದ ಸತ್ತರು, ಕಡೆಕಡೆಗೆ ಸತ್ತವರನ್ನು ತಿಂದರು. ಚಮಚಗಳನ್ನು ಲಂಡನ್ ಕಣ್ಣಿಗೊತ್ತಿಕೊಂಡಿತು, ಮಾತನ್ನು ಉಗಿಯಿತು. ಕಾದಂಬರಿಕಾರ ಡಿಕನ್ಸ್‌ನಂಥ ಡಿಕನ್ಸ್ ಕೂಡ ಇನ್ಯೂಯಿಟರನ್ನು ನಂಬಲಾಗದ ಕ್ರೂರಿಗಳೆಂದು ತನ್ನ ಪತ್ರಿಕೆಯಲ್ಲಿ ಬರೆದ. ಬಡವರ ಪರ ಅಷ್ಟು ಬರೆದವನಿಂದ ಇದನ್ನು ಓದಿದಾಗ ನನಗೆ ನಿಜಕ್ಕೂ ಬೇಸರವಾಯಿತು.

ಮುಳುಗಿದ್ದ ಎರೆಬಸ್ 2014ರಲ್ಲಿ ಸಿಕ್ಕಿದ್ದು ಇನ್ಯೂಯಿಟ್ ಹಿರಿಯರು ತಲೆಮಾರುಗಳಿಂದ ಹೇಳುತ್ತ ಬಂದ ಕಡೆಯಲ್ಲೇ. 2016ರಲ್ಲಿ ಟೆರರ್ ಸಿಕ್ಕಿದ್ದೂ ಇನ್ಯೂಯಿಟ್ ವ್ಯಕ್ತಿಯೊಬ್ಬರ ಸುಳಿವಿನಿಂದ. 2024ರಲ್ಲಿ ಡಿಎನ್‌ಎ ಮೂಲಕ ಗುರುತಿಸಿದ ದವಡೆಯೊಂದು ಎರೆಬಸ್‌ನ ಕ್ಯಾಪ್ಟನ್ ಜೇಮ್ಸ್ ಫಿಟ್ಸ್‌ಜೇಮ್ಸ್‌ನದು. ಅದರ ಮೇಲೆ ಮಾಂಸ ಕತ್ತರಿಸಿದ ಚಾಕುವಿನ ಗೆರೆಗಳಿವೆ. ಅಧಿಕಾರಿಯೆಂಬ ರಿಯಾಯಿತಿಯೂ ಅಲ್ಲಿ ಸಿಕ್ಕಿರಲಿಲ್ಲ.

ಮುಂದಿನ ಸಲ ಹೋದಾಗ ಚಮಚದ ಪಕ್ಕದ ಫಲಕವನ್ನು ಸರಿಯಾಗಿ ಓದು. ಒಡೆಯನ ಹೆಸರು, ತಂದವನ ಹೆಸರು ಇರುತ್ತದೆ. ಜಾನ್ ರೇಗೆ ಅದನ್ನು ಕೊಟ್ಟ ಇನ್ಯೂಯಿಟ್ ಮನುಷ್ಯನ ಹೆಸರಿದೆಯೇ, ಬರೆದು ತಿಳಿಸು. ಇರದಿದ್ದರೆ ಅಲ್ಲಿನವರನ್ನೇ ಕೇಳು, ಸಂಕೋಚ ಬೇಡ.

ಇಂತಿ,
ನಿನ್ನ ಅಪ್ಪ