ಹಾಯಿದೋಣಿ ಸಿರಿವಂತರ ಶೋಕಿಯಷ್ಟೇ ಅಲ್ಲ

ಮಾನ್ಯ ಸಂಪಾದಕರೇ,

ಹಾಯಿದೋಣಿ ಸಿರಿವಂತರ ಶೋಕಿ ಎನ್ನುವವರು ಹೈದರಾಬಾದಿನ ಹುಸೇನ್ ಸಾಗರವನ್ನು ನೋಡಬೇಕು. ಅಲ್ಲಿನ ಯಾಟ್ ಕ್ಲಬ್ ಬಡ ಕುಟುಂಬಗಳ ಮಕ್ಕಳಿಗೂ ತರಬೇತಿ ಕೊಡುತ್ತಿದೆ. ನಮ್ಮ ಹಲಸೂರು ಕೆರೆಯಲ್ಲಿ ಎಂಇಜಿಯ (ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್) ಸೈನಿಕರು ಹಾಯಿ ಬಿಚ್ಚುವುದನ್ನು ದಡದಿಂದ ನೋಡುವ ಮಕ್ಕಳು ಬೇಕಾದಷ್ಟಿದ್ದಾರೆ.

ಮಕ್ಕಳು ಕಲಿಯುವ ಆಪ್ಟಿಮಿಸ್ಟ್ ದೋಣಿ 2.3 ಮೀಟರ್ ಉದ್ದ, ಸುಮಾರು 35 ಕಿಲೊ ತೂಕ, ಒಂದೇ ಹಾಯಿ. ಮಗುಚಿದರೆ ಹಾಯಿಯ ಹಗ್ಗ ಸಡಿಲಿಸಿ, ದೋಣಿಯ ತಳದಿಂದ ನೀರಿಗಿಳಿಸುವ ಹಲಗೆ, ಅಂದರೆ ಡ್ಯಾಗರ್‌ಬೋರ್ಡ್ ಮೇಲೆ ಭಾರ ಹಾಕಿ ಎಬ್ಬಿಸಬೇಕು. ಆಮೇಲೆ ಬಕೆಟ್ಟಿನಲ್ಲಿ ನೀರು ತೋಡಬೇಕು. ಒಳಗಿನ ಮೂರು ಗಾಳಿಚೀಲಗಳು ಬಿಗಿಯಾಗಿ ಊದಿರದಿದ್ದರೆ ದೋಣಿ ತಗ್ಗಿ, ತೋಡಿದಷ್ಟೂ ನೀರು ಅಂಚು ದಾಟಿ ಬರುತ್ತದೆ.

ನಗರದ ಕೆರೆಗಳಲ್ಲಿ ಅದಕ್ಕಿಂತ ದೊಡ್ಡ ಕಾಟ ಜಲಕಳೆ. ಡ್ಯಾಗರ್‌ಬೋರ್ಡಿಗೆ ಸುತ್ತಿದರೆ ಆ ಹಲಗೆಯನ್ನು ಮೇಲೆಳೆದು ಬಿಟ್ಟರಾಯಿತು, ಚುಕ್ಕಾಣಿಗೆ ಸುತ್ತಿದ್ದನ್ನು ಕೈಯಿಂದಲೇ ಕೀಳಬೇಕು. ಹೀಗಾಗಿ ಕೆರೆ ಎಲ್ಲಿ ಕೆಡುತ್ತಿದೆ ಎಂಬುದು ಅಧಿಕಾರಿಗಳಿಗಿಂತ ಮೊದಲು ದೋಣಿಯವರಿಗೆ ತಿಳಿಯುತ್ತದೆ. ಕಳೆ ತೆಗೆಸುವ ಮುನ್ನ ಪಾಲಿಕೆ ಅವರನ್ನು ಕೇಳಲಿ.

ಕ್ಲಬ್‌ಗಳೂ ವಾರಕ್ಕೊಂದು ಬೆಳಗ್ಗೆ ಸರ್ಕಾರಿ ಶಾಲೆಗಳಿಗೆ ಮೀಸಲಿಡಲಿ. ಆದರೆ ಲೈಫ್ ಜಾಕೆಟ್ ಮತ್ತು ರಕ್ಷಣೆಗೆ ಸಿದ್ಧವಿರುವ ಮೋಟಾರು ದೋಣಿ ಇಲ್ಲದೆ ಒಂದು ಮಗುವನ್ನೂ ನೀರಿಗಿಳಿಸಬಾರದು.

– ಹಾಯಿದೋಣಿ ಆಸಕ್ತರು, ಬೆಂಗಳೂರು